ತೊಟ್ಟಿಯಿಂದ ನಾಲೆಗೆ ಸುರಿಯುವ ಮುನ್ನ

ಗಾಜಿನ ಮೀನಿನ ತೊಟ್ಟಿ ಒಂದು ಕಾಲಕ್ಕೆ ಬೆಂಗಳೂರು, ಮೈಸೂರಿನ ಉಳ್ಳವರ ಷೋಕಿ. ಈಗ ಅದು ಕೆ.ಆರ್. ಪೇಟೆಯ ಬಟ್ಟೆ ಅಂಗಡಿಯಲ್ಲೂ ನಾಗಮಂಗಲದ ಕ್ಲಿನಿಕ್ಕಿನಲ್ಲೂ ಶ್ರೀರಂಗಪಟ್ಟಣದ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೂ ಬಂದು ಕೂತಿದೆ. ಮಕ್ಕಳು ಹಟ ಮಾಡಿದರು ಅಂತ ತಂದವರುಂಟು, ವಾಸ್ತು ಹೇಳುವವರ ಮಾತು ಕೇಳಿ ತಂದವರೂ ಉಂಟು. ಇದರಲ್ಲಿ ತಪ್ಪು ಹುಡುಕುವ ಇರಾದೆ ನಮಗಿಲ್ಲ. ಮೀನು ಸಾಕುವ ಮನೆಯ ಮಗು ನೀರಿನ ವಿಚಾರದಲ್ಲಿ ನಾಲ್ಕು ಮಾತು ಹೆಚ್ಚೇ ಕಲಿಯುತ್ತದೆ. ನಮ್ಮ ಆತಂಕ ಬೇರೆ. ದುಡ್ಡು ಕೊಟ್ಟು ತಂದ ಮೀನಿನ ಜೊತೆ ದುಡ್ಡು ಕೊಡದೆ ಬಂದ ಜೀವಗಳು ಯಾವುವು, ಅವು ಬೇಡವಾದ ದಿನ ನಾವು ಅವನ್ನು ಎಲ್ಲಿಗೆ ಒಯ್ದು ಸುರಿಯುತ್ತೇವೆ? ಈ ಪ್ರಶ್ನೆಯನ್ನು ಇವತ್ತೇ ಕೇಳಿಕೊಳ್ಳಬೇಕು. ಐದು ವರ್ಷ ಬಿಟ್ಟು ಕೇಳಿದರೆ ಉತ್ತರ ಗೊತ್ತಿದ್ದೂ ಪ್ರಯೋಜನವಿರುವುದಿಲ್ಲ.

ಮದುವೆ ಬಸ್ಸಿಗೆ ಕರೆಯದೆ ಹತ್ತಿಕೊಂಡವರ ಹಾಗೆ ತೊಟ್ಟಿಗೆ ಬಂದು ಸೇರುವ ಜೀವಗಳು ಹಲವು. ಅಂಗಡಿಯಿಂದ ತಂದ ನೀರುಗಿಡದ ಎಲೆಯ ಹಿಂದೆ ಲೋಳೆಯಲ್ಲಿ ಅಂಟಿಕೊಂಡ ಬಸವನಹುಳುವಿನ ಮೊಟ್ಟೆಗಳಿರುತ್ತವೆ. ಗಿಡದ ಬುಡದ ಜಲ್ಲಿಯಲ್ಲಿ ಕಣ್ಣಿಗೆ ಕಾಣದ ಮರಿಹುಳುಗಳು, ನೀರಿನ ಮೇಲೆ ತೇಲುವ ಸಾಸಿವೆ ಗಾತ್ರದ ಪಾಚಿಗಿಡ, ಏರೋಪ್ಲೇನ್ ಚಿಟ್ಟೆಯ ಮರಿ, ಹೈಡ್ರಾ. ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಬೇರೆ ಮೀನಿನ ಮರಿಯೂ ರೋಗದ ಬೀಜವೂ ಇರಬಹುದು. ಇವೆಲ್ಲ ಸಿಹಿನೀರಿನ ತೊಟ್ಟಿಯ ಕಥೆ. ಉಪ್ಪುನೀರಿನ ತೊಟ್ಟಿಯಲ್ಲಿ ಕಥೆ ಇನ್ನೂ ದೊಡ್ಡದು. ಅಲ್ಲಿ ಅಲಂಕಾರಕ್ಕೆಂದು ಇಡುವ ‘ಲೈವ್ ರಾಕ್’ ಅನ್ನುವ ಕಲ್ಲು ತೂತುತೂತಾಗಿ ಇಡೀ ಒಂದು ಊರನ್ನೇ ಹೊತ್ತು ತರುತ್ತದೆ: ಮುಳ್ಳುಹುಳು, ಪುಟ್ಟ ಏಡಿ, ನಕ್ಷತ್ರಮೀನು, ಗಾಜು ಒಡೆಯುವಷ್ಟು ಬಲದ ಹೊಡೆತವಿರುವ ಮ್ಯಾಂಟಿಸ್ ಸಿಗಡಿ, ಜೊತೆಗೆ ಹವಳ.

ಹವಳದಿಂದಲೇ ಶುರು ಮಾಡೋಣ. ಸಮುದ್ರದಿಂದ ಇಷ್ಟು ದೂರದ ಸೀಮೆಯಲ್ಲಿ ಹವಳದ ಮಾತು ಯಾಕೆ ಎನ್ನುವವರಿಗೆ ಒಂದು ಮಾತು: ಪ್ಯಾಕೆಟ್ಟಿನ ಸಮುದ್ರದ ಉಪ್ಪು, ನೀಲಿ ಎಲ್‌ಇಡಿ ದೀಪ, ಕೊರಿಯರ್ ಈ ಮೂರೂ ಇರುವಲ್ಲಿಗೆ ಸಮುದ್ರ ಬಂದೇ ಬರುತ್ತದೆ. ಬೆಂಗಳೂರಿನಲ್ಲಿ ಹವಳದ ತೊಟ್ಟಿ ಇಡುವವರು ಇದ್ದಾರೆ, ಅಲ್ಲಿಂದ ನಮ್ಮೂರಿಗೆ ಎರಡು ತಾಸಿನ ದಾರಿ.

ಹೊಸ ಕಲ್ಲು ತಂದು ಕೆಲವು ವಾರ ಕಳೆದ ಮೇಲೆ, ಕಲ್ಲಿನ ಸಂದಿಯಲ್ಲಿ ರಾಗಿಕಾಳಿನಷ್ಟು ದೊಡ್ಡ ಚುಕ್ಕೆಯೊಂದು ಕಾಣಿಸುತ್ತದೆ. ಹಗಲಿನಲ್ಲಿ ಮುದುಡಿಕೊಂಡು ಗಟ್ಟಿ ಅಂಚಿನ ಪುಟ್ಟ ಬಟ್ಟಲಾಗಿದ್ದು, ರಾತ್ರಿ ದೀಪ ಆರಿಸಿದ ಮೇಲೆ ಬೆರಳುಗಳನ್ನು ಹೊರಚಾಚಿದರೆ, ಕೈಗವಸು ತೊಟ್ಟು ಮುಟ್ಟಿದಾಗ ಅಡಿಯಲ್ಲಿ ಕಲ್ಲಿನ ಗಡಸು ಸಿಕ್ಕರೆ, ಅದು ಕಲ್ಲುಹವಳ. ಬುಡ ಮೆತ್ತಗಿದ್ದು, ಅಂಗಿಗುಂಡಿಯಂಥ ತಟ್ಟೆಗಳು ಗುಂಪುಗುಂಪಾಗಿ ಹರಡಿಕೊಂಡಿದ್ದರೆ ಜೊವಾಂಥಿಡ್ ಎಂಬ ಹವಳದ ನಂಟ ಜೀವಿ ಇರಬಹುದು. ಕಂದುಬಣ್ಣದ ಪಾರದರ್ಶಕ ಕಾಂಡ, ತುದಿಯಲ್ಲಿ ತಾಳೆಗರಿಯಂಥ ಕಿರೀಟ, ಮುಟ್ಟುವ ಮೊದಲೇ ಸರ್ರನೆ ಒಳಕ್ಕೆಳೆದುಕೊಳ್ಳುವ ಚುರುಕು ಇದ್ದರೆ ಅದು ಐಪ್ಟೇಸಿಯಾ. ಹವಳವಲ್ಲ, ಹವಳಕ್ಕೆ ಕುಟುಕುವ ಕಳೆ. ಅದನ್ನು ಬ್ಲೇಡಿನಿಂದ ಕತ್ತರಿಸಿ ಕಿತ್ತರೆ ಉಳಿದ ಒಂದೊಂದು ಚೂರೂ ಒಂದೊಂದು ಹೊಸ ಜೀವವಾಗುತ್ತದೆ. ಮೊದಲ ನಾಲ್ಕು ಕಂಡಾಗ ಕತ್ತರಿ ಹಿಡಿದವರು ಆಮೇಲೆ ನಲವತ್ತನ್ನು ನೋಡುತ್ತಾರೆ.

ಹೀಗೆ ತಾನಾಗಿ ಬಂದ ಹವಳವನ್ನು ತೊಟ್ಟಿಯೊಳಗೇ ಬೇರೆ ಜಾಗಕ್ಕೆ ಸರಿಸುವುದಕ್ಕೆ ಒಂದು ಕ್ರಮವಿದೆ. ಹವಳವನ್ನು ಎಂದೂ ಉಗುರಿನಿಂದ ಕೀಳುವುದಿಲ್ಲ. ಅದರ ಅಡಿಯ ಕಲ್ಲನ್ನೇ ಪುಟ್ಟ ಉಳಿಯಿಂದ ಚೂರು ಮಾಡಿ ತೆಗೆಯುತ್ತಾರೆ. ಮೊದಲಿದ್ದಲ್ಲಿ ಎಷ್ಟು ಬೆಳಕು, ಎಷ್ಟು ನೀರಿನ ಸೆಳೆತ ಇತ್ತೋ ಹೊಸ ಜಾಗದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಅಂಟಿಸಲು ಜೆಲ್ ಮಾದರಿಯ ಸೂಪರ್ ಗ್ಲೂ ಸಾಕು. ಪಕ್ಕದ ಹವಳಕ್ಕೂ ಇದಕ್ಕೂ ನಡುವೆ ಅಂಗೈಯಗಲ ಜಾಗ ಬಿಡಬೇಕು, ಏಕೆಂದರೆ ರಾತ್ರಿ ಹೊತ್ತು ಉದ್ದ ಕುಟುಕುಬಳ್ಳಿ ಚಾಚಿ ನೆರೆಯವರನ್ನು ಸುಡುವ ಹವಳಗಳಿವೆ.

ಇಷ್ಟು ಹೇಳಿದ್ದು ಕುತೂಹಲಕ್ಕೆ. ಈಗ ಎಚ್ಚರಿಕೆಯ ಮಾತು, ಅದರಲ್ಲೂ ಜೀವಕ್ಕೆ ಸಂಬಂಧಿಸಿದ್ದು ಮೊದಲು. ಜೊವಾಂಥಿಡ್ ಗುಂಪಿನ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷವಿದೆ. ಪ್ರಕೃತಿಯಲ್ಲಿ ಗೊತ್ತಿರುವ ಅತಿ ಉಗ್ರ ವಿಷಗಳಲ್ಲಿ ಅದೂ ಒಂದು, ಅದಕ್ಕೆ ಪ್ರತಿವಿಷ ಇಲ್ಲ. ಕಲ್ಲು ಗಲೀಜಾಯಿತೆಂದು ಬ್ರಷ್ ಹಾಕಿ ಉಜ್ಜಿದರೆ, ಅಥವಾ ಹುಳ ಸಾಯಲಿ ಎಂದು ಕಲ್ಲನ್ನು ಕುದಿಯುವ ನೀರಿಗೆ ಹಾಕಿದರೆ, ವಿಷ ಹನಿಯಾಗಿ, ಹಬೆಯಾಗಿ ಮನೆ ತುಂಬುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರ್‌ನ ಸ್ಟೀವೆಂಟನ್ ಊರಿನಲ್ಲಿ ತೊಟ್ಟಿ ತೊಳೆದ ಒಂದು ಮನೆಯವರೆಲ್ಲ ಹೀಗೆಯೇ ಆಸ್ಪತ್ರೆ ಸೇರಿದರು. ನೆರವಿಗೆ ಬಂದ ತುರ್ತುಸೇವೆಯವರಿಗೂ ಚಿಕಿತ್ಸೆ ಬೇಕಾಯಿತು. ಜ್ವರ, ನಡುಕ, ಉಸಿರಾಟದ ಕಷ್ಟ, ಬಾಯಲ್ಲಿ ಲೋಹದ ರುಚಿ, ಸ್ನಾಯುಗಳ ನೋವು ಇದರ ಲಕ್ಷಣಗಳು. ನಮ್ಮ ತಾಲ್ಲೂಕು ಆಸ್ಪತ್ರೆಗೆ ಇಂಥ ಲಕ್ಷಣ ಹೊತ್ತು ಹೋದವರನ್ನು ವೈದ್ಯರು ಜ್ವರ ಎಂದೇ ನೋಡುತ್ತಾರೆ, ಅವರ ತಪ್ಪಲ್ಲ. ‘ಮನೆಯಲ್ಲಿ ಹವಳದ ತೊಟ್ಟಿ ತೊಳೆದೆವು’ ಎಂಬ ಒಂದು ಮಾತನ್ನು ರೋಗಿಯ ಕಡೆಯವರು ಮೊದಲೇ ಹೇಳಬೇಕು. ಕೈಗವಸು, ಕನ್ನಡಕ ಇಲ್ಲದೆ, ಬೆರಳಲ್ಲಿ ಗಾಯ ಇಟ್ಟುಕೊಂಡು ಲೈವ್ ರಾಕ್ ಮುಟ್ಟಬಾರದು. ಕುದಿಸುವುದಂತೂ ಬೇಡವೇ ಬೇಡ.

ಎರಡನೆಯದು ಕಾನೂನು. ಕಲ್ಲುಹವಳದ ಜಾತಿಗಳು 2001ರಿಂದ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿಯದು. ಮೊದಲ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಸೆರೆವಾಸ, ಜೊತೆಗೆ ದಂಡ. ‘ಸಾರ್, ನಾನು ತಂದಿದ್ದಲ್ಲ, ಕಲ್ಲಿನ ಜೊತೆ ತಾನೇ ಬಂತು’ ಎಂದರೆ? ಅದೇ ಕಾಯ್ದೆಯ 57ನೇ ಕಲಮಿನ ಪ್ರಕಾರ, ನಿಮ್ಮ ಹತ್ತಿರ ಇದ್ದದ್ದು ಸಾಬೀತಾದರೆ ಸಾಕು, ಅದು ಅಕ್ರಮವಲ್ಲ ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಕಲ್ಲೇ ಸಮುದ್ರದ ದಿಬ್ಬದಿಂದ ಕಿತ್ತು ತಂದದ್ದಾಗಿದ್ದರೆ ಹವಳ ಮೊಳೆಯುವ ಮೊದಲೇ ತಪ್ಪು ನಡೆದಾಗಿದೆ. ಬಿಲ್ಲು ಕೊಡದ ಅಂಗಡಿಯವನಿಂದ ಇಂಥ ಕಲ್ಲು ಕೊಳ್ಳುವುದು ಎಷ್ಟು ಅಗ್ಗವಾದರೂ ದುಬಾರಿಯೇ. ಇಟ್ಟುಕೊಂಡವರು ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು ಒಳ್ಳೆಯದು. ಬಚ್ಚಿಡುವುದಕ್ಕಿಂತ ಅದೇ ಕ್ಷೇಮ.

ನಮ್ಮ ಅಭಿಪ್ರಾಯವನ್ನೂ ಮುಚ್ಚಿಡದೆ ಹೇಳಿಬಿಡೋಣ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ, ಇಪ್ಪತ್ತೈದರ ಆಸುಪಾಸು ಡಿಗ್ರಿ ಕೇಳುವ ಹವಳವನ್ನು ಸಾಕುತ್ತೇನೆ ಎನ್ನುವುದು ಜೀವದ ಜೊತೆ ಜೂಜು. ಪಂಪು ಅರ್ಧ ದಿನ ನಿಂತರೆ ತೊಟ್ಟಿ ಮಸಣ. ಆ ಮೇಲೆ ಉಳಿಯುವ ಉಪ್ಪುನೀರು? ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಇನ್ನೂರು ಲೀಟರ್ ತೊಟ್ಟಿ ಹಿತ್ತಲಿಗೆ ಸುರಿದರೆ ಏಳು ಕಿಲೋ ಉಪ್ಪು ಬಿದ್ದ ಹಾಗೆ. ನಾಲೆ ನೀರು ನಿಂತು ಚೌಳು ಹಿಡಿದ ಗದ್ದೆಯನ್ನು ಕಂಡ ಮಂಡ್ಯ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬೇಡವಾದ ಹವಳವನ್ನು, ಸಮುದ್ರದ ಮೀನನ್ನು ‘ಅದರ ಮನೆಗೇ ಬಿಟ್ಟು ಬರೋಣ’ ಎಂದು ಮಂಗಳೂರಿಗೋ ಮುರುಡೇಶ್ವರಕ್ಕೋ ಒಯ್ಯುವ ಒಳ್ಳೆಯ ಮನಸ್ಸಿನವರು. ಮುರುಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ನಮ್ಮ ರಾಜ್ಯದ ಕೈಬೆರಳೆಣಿಕೆಯ ಹವಳದ ತಾಣಗಳಲ್ಲೊಂದಿದೆ. ಅಲ್ಲಿಗೆ ಎಲ್ಲಿಯದೋ ದ್ವೀಪದ ಹವಳವನ್ನೂ ಅದರ ರೋಗವನ್ನೂ ಬಿಡುವುದು ದಯೆಯಲ್ಲ. ಫ್ರಾನ್ಸ್ ಪಕ್ಕದ ಮೊನಾಕೊದಲ್ಲಿ 1984ರಲ್ಲಿ ಸಮುದ್ರ ವಸ್ತುಸಂಗ್ರಹಾಲಯದ ಕೆಳಗಿನ ನೀರಿನಲ್ಲಿ ಕಾಲರ್ಪಾ ಎಂಬ ಹಸಿರು ಪಾಚಿ ಕಂಡಿತು. ಅಲಂಕಾರದ ತೊಟ್ಟಿಗಳಲ್ಲಿ ಬೆಳೆಸುವ ಪಾಚಿ. ಇದ್ದದ್ದು ಒಂದು ಚದರ ಮೀಟರಿನಷ್ಟು. ಹತ್ತು ಹದಿನೈದು ವರ್ಷದಲ್ಲಿ ಮೆಡಿಟರೇನಿಯನ್ನಿನ ಸಾವಿರಾರು ಹೆಕ್ಟೇರು ಕಡಲತಳವನ್ನು ಮುಚ್ಚಿತು. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯದ ಎರಡು ಹಿನ್ನೀರಿನಲ್ಲಿ ಕಾಣಿಸಿದಾಗ ಅಲ್ಲಿಯವರು ಕಂಡ ಕೂಡಲೇ ಟಾರ್ಪಾಲು ಹೊದಿಸಿ ಕ್ಲೋರಿನ್ ಹಾಕಿದರು. 2006ರಲ್ಲಿ ಪೂರಾ ನಿರ್ಮೂಲವಾಯಿತೆಂದು ಘೋಷಿಸಿದರು. ಖರ್ಚು ಎಪ್ಪತ್ತು ಲಕ್ಷ ಡಾಲರಿನ ಆಸುಪಾಸು. ಒಂದೇ ಪಾಚಿ, ಎರಡು ಊರು. ಬೇಗ ಕಂಡವರು ಗೆದ್ದರು, ನೋಡೋಣ ಎಂದವರು ಸೋತರು.

ಹವಳ ಕಾವೇರಿಯಲ್ಲಿ ಬದುಕುವುದಿಲ್ಲ. ನಾಲೆಗೆ ಬಿದ್ದರೆ ಗಂಟೆಗಳಲ್ಲಿ ಸಾಯುತ್ತದೆ. ನಾವು ಹೆದರಬೇಕಾದ್ದು ಅದೇ ‘ಒಯ್ದು ಬಿಟ್ಟುಬಿಡೋಣ’ ಎಂಬ ಅಭ್ಯಾಸ ಸಿಹಿನೀರಿನ ಜೀವಗಳ ಮೇಲೆ ನಡೆದಾಗ. ಅವು ಇಲ್ಲಿ ಬದುಕುತ್ತವೆ, ಬೆಳೆಯುತ್ತವೆ, ಮರಿ ಹಾಕುತ್ತವೆ.

ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಈ ನಮ್ಮ ನಾಲ್ಕು ತಾಲ್ಲೂಕುಗಳ ನೀರಿನ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ಹೇಮಾವತಿ ಕೆ.ಆರ್. ಪೇಟೆಯ ಮಂದಗೆರೆ, ಹೇಮಗಿರಿ ಅಣೆಕಟ್ಟೆಗಳನ್ನು ದಾಟಿ ಕನ್ನಂಬಾಡಿಯ ಹಿನ್ನೀರು ಸೇರುತ್ತದೆ. ಗೊರೂರಿನಿಂದ ಬರುವ ಹೇಮಾವತಿಯ ಇನ್ನೊಂದು ಪಾಲು ನಾಲೆಯಾಗಿ ನಾಗಮಂಗಲದ ಕೆರೆಗಳಿಗೆ ಇಳಿಯುತ್ತದೆ. ಆ ಕಡೆ ಹುಟ್ಟುವ ಲೋಕಪಾವನಿ ಪಾಂಡವಪುರದ ಸೀಮೆಯನ್ನು ಹಾದು ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಸೇರುತ್ತದೆ. ಕನ್ನಂಬಾಡಿಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಪಾಂಡವಪುರ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಹೋಗುತ್ತದೆ. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳ ಹಳೆಯ ಜಾಲ. ನಾಗಮಂಗಲದ ಕೆರೆಯಲ್ಲಿ ಬಿಟ್ಟ ಮೀನು ಕೋಡಿ ಬಿದ್ದ ವರ್ಷ ಶ್ರೀರಂಗಪಟ್ಟಣಕ್ಕೆ ಬರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನೂರಾರು ವರ್ಷ ಕಷ್ಟಪಟ್ಟು ನೀರು ಹರಿಯಲೆಂದೇ ಕಟ್ಟಿದ ಜಾಲವಿದು, ನೀರಿನೊಳಗೆ ಏನಿದೆ ಎಂದು ಅದು ಕೇಳುವುದಿಲ್ಲ.

ಮೊದಲು ಹೆಸರಿಸಬೇಕಾದ್ದು ‘ಟ್ಯಾಂಕ್ ಕ್ಲೀನರ್’ ಎಂದು ಅಂಗಡಿಯವರು ಐವತ್ತು ನೂರು ರೂಪಾಯಿಗೆ ಕೊಡುವ ಸಕ್ಕರ್ ಮೀನು. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ನೆಕ್ಕುವ ಬೆರಳುದ್ದದ ಮರಿ ಮುದ್ದಾಗಿಯೇ ಇರುತ್ತದೆ. ದಕ್ಷಿಣ ಅಮೆರಿಕದ ಈ ಮೀನು ಒಂದೂವರೆ ಅಡಿವರೆಗೆ ಬೆಳೆಯುತ್ತದೆ, ತೊಟ್ಟಿ ಸಾಲದು. ಆಗ ಅದು ಕೆರೆಗೋ ನಾಲೆಗೋ ಹೋಗುತ್ತದೆ. ಮೈಮೇಲೆ ಮೂಳೆಯ ಕವಚ, ಮುಳ್ಳುಗಳು. ಆದ್ದರಿಂದ ಬಲೆ ಹರಿಯುತ್ತದೆ, ಕೊಕ್ಕರೆ, ನೀರುಕಾಗೆಗಳು ನುಂಗಲು ಹೆಣಗುತ್ತವೆ. ನೀರಿನಲ್ಲಿ ಆಮ್ಲಜನಕ ಕಮ್ಮಿಯಾದರೆ ಹೊಟ್ಟೆಯಿಂದಲೇ ಗಾಳಿ ಉಸಿರಾಡುತ್ತದೆ, ನೀರಿನಾಚೆ ಗಂಟೆಗಟ್ಟಲೆ ತಾಳುತ್ತದೆ. ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಒಂದು ಮೀಟರಿನವರೆಗೆ ಬಿಲ ಕೊರೆಯುತ್ತದೆ. ಏರಿ, ನಾಲೆಯ ದಂಡೆಗಳೇ ಜೀವನಾಡಿಯಾಗಿರುವ ಸೀಮೆಗೆ ಇದಕ್ಕಿಂತ ಅಪಶಕುನದ ಮೀನು ಇರಲಾರದು. ಕೇರಳ, ತಮಿಳುನಾಡು, ಆಂಧ್ರದ ನೀರಿನಲ್ಲಿ ಇದು ಆಗಲೇ ನೆಲೆಯೂರಿದೆ. 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲೂ ಸಿಕ್ಕಿತು. ಮೆಕ್ಸಿಕೊದ ಇನ್ಫಿಯೆರ್ನಿಯೊ ಎಂಬ ದೊಡ್ಡ ಜಲಾಶಯದಲ್ಲಿ ಮೀನುಗಾರರ ಬಲೆಗೆ ಮೊದಲು ತಿಲಾಪಿಯಾ ರಾಶಿ ಬೀಳುತ್ತಿತ್ತು. ಸಕ್ಕರ್ ಮೀನು ಹೊಕ್ಕ ಕೆಲವೇ ವರ್ಷಗಳಲ್ಲಿ ಬಲೆ ತುಂಬ ಅದೇ, ಕೊಳ್ಳುವವರಿಲ್ಲ. ಕನ್ನಂಬಾಡಿಯ ಹಿನ್ನೀರಿನಲ್ಲಿ ಹರಿಗೋಲು ಹಾಕುವ ಮೀನುಗಾರರು ಈ ಮಾತನ್ನು ಗಮನವಿಟ್ಟು ಕೇಳಬೇಕು.

ಮುಂದಿನದು ಬಸವನಹುಳು. ದಕ್ಷಿಣ ಅಮೆರಿಕದ ‘ಗೋಲ್ಡನ್ ಆಪಲ್’ ಬಸವನಹುಳುವನ್ನು 1980ರ ಆಸುಪಾಸು ತಿನ್ನುವುದಕ್ಕೆಂದು ತೈವಾನಿಗೆ ತಂದರು. ರುಚಿ ಹಿಡಿಸಲಿಲ್ಲ, ಸಾಕಿದವರು ಬಿಟ್ಟುಬಿಟ್ಟರು. ಅಲ್ಲಿಂದ ಫಿಲಿಪ್ಪೀನ್ಸ್, ಜಪಾನ್, ವಿಯೆಟ್ನಾಂ, ಥಾಯ್ಲೆಂಡಿನ ಗದ್ದೆಗಳಿಗೆ ಹರಡಿತು. ನಾಟಿ ಮಾಡಿದ ಎಳೆ ಪೈರಿನ ಬುಡವನ್ನು ರಾತ್ರಿಯಿಡೀ ಕತ್ತರಿಸುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಪೈರು ತೇಲುತ್ತಿರುತ್ತದೆ. ನಮ್ಮ ಅಂಗಡಿಗಳಲ್ಲಿ ‘ಮಿಸ್ಟರಿ ಸ್ನೇಲ್’ ಎಂದು ಹಳದಿ, ನೀಲಿ ಬಣ್ಣದಲ್ಲಿ ಮಾರುವುದು ಸಾಮಾನ್ಯವಾಗಿ ಇದರದೇ ಬಳಗದ ಇನ್ನೊಂದು ಜಾತಿ, ಪೈರಿನ ಮಟ್ಟಿಗೆ ಸಾಧು. ಆದರೆ ಚಿಪ್ಪು ನೋಡಿ ಎರಡನ್ನೂ ಬೇರೆ ಮಾಡುವುದು ಅಂಗಡಿಯವನಿಂದಲೂ ಆಗದ ಕೆಲಸ, ನಮ್ಮ ನಿಮ್ಮಿಂದ ಎಲ್ಲಿ?

ಹೊರಗಿನದನ್ನು ನಮ್ಮದರಿಂದ ಬೇರೆ ಮಾಡುವ ಗುರುತು ಸಿಗುವುದು ಮೊಟ್ಟೆಯಲ್ಲಿ. ನಮ್ಮ ಗದ್ದೆ, ಕೆರೆಗಳಲ್ಲಿ ತಲತಲಾಂತರದಿಂದ ಇರುವ ದೊಡ್ಡ ಬಸವನಹುಳು ದಡದ ಒದ್ದೆ ಮಣ್ಣಿನ ಗುಳಿಯಲ್ಲಿ ಬಿಳಿ ಮೊಟ್ಟೆ ಇಡುತ್ತದೆ. ಹೊರಗಿನದು ನೀರಿನ ಮಟ್ಟದಿಂದ ಮೇಲೆ, ಪೈರಿನ ಕಾಂಡಕ್ಕೋ ತೂಬಿನ ಗೋಡೆಗೋ ಸೇತುವೆಯ ಕಲ್ಲಿಗೋ ಅಚ್ಚ ಗುಲಾಬಿ ಬಣ್ಣದ ಗೊಂಚಲನ್ನು ಅಂಟಿಸುತ್ತದೆ. ಒಂದೊಂದು ಗೊಂಚಲಿನಲ್ಲಿ ನೂರಾರು. ಆ ಗುಲಾಬಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಕಂಡರೆ ಬರಿಗೈಯಲ್ಲಿ ಮುಟ್ಟದೆ ಫೋಟೋ ತೆಗೆದು, ಜಾಗ ಬರೆದುಕೊಂಡು, ಆಮೇಲೆ ಕಡ್ಡಿಯಿಂದ ಕೆರೆದು ಅರೆದುಹಾಕಬೇಕು. ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನಿಗಳಿಗೆ ಆ ಫೋಟೋ ಅದೇ ದಿನ ತಲುಪಬೇಕು. ಗುಲಾಬಿ ಗೊಂಚಲು ತೂಬಿನ ಗೋಡೆಯ ಮೇಲೆ ಒಂದೇ ಕಡೆ ಇರುವಾಗ ತಡೆಯುವುದು ಒಂದು ಸಂಜೆಯ ಕೆಲಸ. ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಇಳಿದ ಮೇಲೆ ಅದು ಯಾವ ಸರ್ಕಾರದ ಕೈಯಲ್ಲೂ ಆಗದು.

ಕೆಂಪುಕಿವಿಯ ಆಮೆಯ ಮಾತು ಚಿಕ್ಕದಾಗಿ. ನಾಣ್ಯದಗಲದ ಹಸಿರು ಮರಿಯಾಗಿ ಬರುತ್ತದೆ, ಊಟದ ತಟ್ಟೆಯಗಲ ಬೆಳೆಯುತ್ತದೆ, ಮೂವತ್ತು ವರ್ಷ ಬದುಕುತ್ತದೆ. ಮಕ್ಕಳ ಕೈಗೆ ಸಾಲ್ಮೊನೆಲ್ಲಾ ಹತ್ತಿಸುತ್ತದೆಂದು ಅಮೆರಿಕವೇ 1975ರಲ್ಲಿ ಇದರ ಚಿಕ್ಕ ಮರಿಗಳ ಮಾರಾಟ ನಿಲ್ಲಿಸಿತು. ಅದರ ಹುಟ್ಟೂರೇ ಅಮೆರಿಕ. ಕೇರಳದಲ್ಲಿ ಇಂಥ ಆಮೆಗಳು ಹೊಳೆಕೆರೆಗಳಲ್ಲಿ ಸಿಕ್ಕಾಗ ಅಲ್ಲಿಯ ಅರಣ್ಯ ಸಂಶೋಧನಾ ಸಂಸ್ಥೆ ಜನರಿಂದ ಅವನ್ನು ಪಡೆದುಕೊಳ್ಳುವ ವ್ಯವಸ್ಥೆ ಮಾಡಿತು. ನಮ್ಮಲ್ಲಿ? ಆಮೆಯನ್ನು ಕಲ್ಯಾಣಿಗೆ ಬಿಟ್ಟರೆ ಪುಣ್ಯ ಎನ್ನುವ ನಂಬಿಕೆ ಇರುವ ಸೀಮೆಯಲ್ಲಿ ಈ ಆಮೆ ಪಾಪಪುಣ್ಯ ಎರಡನ್ನೂ ಗೊಂದಲ ಮಾಡುತ್ತದೆ.

ಇದೆಲ್ಲ ವಿದೇಶದ ಭೂತ ತೋರಿಸಿ ಹೆದರಿಸುವ ಮಾತು ಎನ್ನುವವರು ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಸೇತುವೆಯ ಮೇಲೆ ನಿಂತು ಕೆಳಗೆ ನೋಡಲಿ. ನೇರಳೆ ಹೂವಿನ ಆ ತೇಲುಕಳೆ ದಕ್ಷಿಣ ಅಮೆರಿಕದಿಂದ ಬಂದದ್ದು, ಬಂದದ್ದು ಹೂವು ಚೆಂದ ಎಂದು ಕೊಳದಲ್ಲಿ ಬೆಳೆಸುವುದಕ್ಕೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ದೇಶದ ಕೆರೆಹೊಳೆಗಳಲ್ಲಿ ಅದನ್ನು ತೆಗೆಯುತ್ತಲೇ ಇದ್ದೇವೆ, ಜೆಸಿಬಿ ಬಿಲ್ಲು ಕಟ್ಟುತ್ತಲೇ ಇದ್ದೇವೆ. 1952ರಲ್ಲಿ ಬಡವರ ಪ್ರೋಟೀನು ಎಂದು ದೇಶಕ್ಕೆ ತಂದ ತಿಲಾಪಿಯಾ ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನಾಗಿ ತಳವೂರಿದೆ. ಗೆಂಡೆ, ಪಕ್ಕೆಗಳ ಜಾಗದಲ್ಲಿ ಬೆರಳುದ್ದದ ಜಿಲೇಬಿ ಮರಿಗಳೇ ಗಾಳಕ್ಕೆ ಸಿಗುವುದು ಗಾಳ ಹಾಕುವ ಹುಡುಗರಿಗೆಲ್ಲ ಗೊತ್ತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿತು. ಆದರೂ ಹೊಂಡಗಳಲ್ಲಿ ಸಾಕುವುದು ನಿಂತಿಲ್ಲ, ಸಂತೆಯಲ್ಲಿ ನಮ್ಮ ಮುರುಗೋಡಿನ ಹೆಸರಿನಲ್ಲಿ ಮಾರಾಟವೂ ನಿಂತಿಲ್ಲ. ನಿಷೇಧ ಬರುವಷ್ಟರಲ್ಲಿ ಮೀನು ಹೊಂಡ ದಾಟಿತ್ತು.

ಒಳ್ಳೆಯ ಮನಸ್ಸಿನಿಂದ ಬಿಟ್ಟದ್ದು ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಕಾವೇರಿಯ ಮಹಶೀರ್‌ಗಿಂತ ದೊಡ್ಡ ಸಾಕ್ಷಿ ಬೇಡ. ಐವತ್ತು ಕಿಲೋ ತೂಗುವ, ಬೆನ್ನು ಗೂನಾಗಿ ಏರಿದ ಕಾವೇರಿ ಮಹಶೀರ್ ಈ ಹೊಳೆ, ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದು ಕಮ್ಮಿಯಾಗುತ್ತಿದೆ ಎಂದು ಕಂಡ ಗಾಳಗಾರರು, ವನ್ಯಜೀವಿ ಪ್ರೇಮಿಗಳು ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ದಶಕಗಳ ಕಾಲ ಕಾವೇರಿಗೆ ಬಿಟ್ಟರು. ಎರಡೂ ಮಹಶೀರೇ ತಾನೆ ಎಂಬ ಎಣಿಕೆ. ಕಾವೇರಿ ದಂಡೆಯ ಗಾಳಿಬೋರೆಯ ಮೀನುಗಾಳ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಕೂತು ನೋಡಿದಾಗ ನೀಲಿ ರೆಕ್ಕೆಯದು ಏರುತ್ತಾ ಹೋಗಿತ್ತು, ಗೂನುಬೆನ್ನಿನದು ಕುಸಿಯುತ್ತಾ ಬಂದಿತ್ತು. ಇನ್ನೂ ವಿಪರ್ಯಾಸವೆಂದರೆ, ಗೂನುಬೆನ್ನಿನ ಮೀನಿನ ವೈಜ್ಞಾನಿಕ ಹೆಸರು ‘ಟಾರ್ ರೆಮಾದೇವಿ’ ಎಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನಂಚಿನ ಕೊನೆಯ ಮೆಟ್ಟಿಲಿನ ಪಟ್ಟಿಗೂ ಸೇರಿತು. ಮರಿ ಬಿಟ್ಟವರು ಕೆಡುಕರಲ್ಲ, ಬಿಡುವ ಮೊದಲು ಗುರುತು ಹಿಡಿಯಲಿಲ್ಲ ಅಷ್ಟೆ.

ಗುರುತು ಹಿಡಿಯುವ ಕೆಲಸಕ್ಕೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನೇ ನೋಡಿ. ಅದು 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಅಲ್ಲಿ ಹಕ್ಕಿಗಳ ಲೆಕ್ಕ ವರ್ಷವರ್ಷ ನಡೆಯುತ್ತದೆ, ಒಳ್ಳೆಯದು. 17ನೇ ಶತಮಾನದಲ್ಲಿ ಕಟ್ಟಿದ ಅಣೆಕಟ್ಟೆಯಿಂದ ಹುಟ್ಟಿದ ಆ ನಡುಗಡ್ಡೆಗಳ ಮೇಲೆ ಗೂಡು ಕಟ್ಟುವ ಹಕ್ಕಿ ನಂಬಿರುವುದು ಕೆಳಗಿನ ನೀರಿನ ಮೀನನ್ನು. ಮೊಸಳೆ, ನೀರುನಾಯಿಗಳದೂ ಅದೇ ನಂಬಿಕೆ. ಮರಗಳ ಮೇಲಿನ ಗೂಡುಗಳನ್ನು ಎಣಿಸುವಷ್ಟೇ ಶ್ರದ್ಧೆಯಿಂದ ನೀರಿನೊಳಗೆ ಹೊಸದಾಗಿ ಯಾರು ಬಂದಿದ್ದಾರೆ ಎಂದು ನೋಡುವ ವ್ಯವಸ್ಥೆ ಬೇಕು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ದೋಣಿ ನಡೆಸುವವರ, ಬಲೆ ಹಾಕುವವರ ಕಣ್ಣು ಸಾಕು. ಅವರು ಕಂಡದ್ದನ್ನು ಬರೆದುಕೊಳ್ಳುವ ಒಂದು ಪುಸ್ತಕ ಬೇಕು.

ಆ ಪುಸ್ತಕಕ್ಕೆ ಕಾನೂನಿನಲ್ಲೇ ಜಾಗವಿದೆ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಬಹಳ ಕಡೆ ಅದು ಒಮ್ಮೆ ತುಂಬಿ ಬೀರುವಿಗೆ ಸೇರಿದ ಕಡತ. ಅದರಲ್ಲಿ ‘ಹೊಸದಾಗಿ ಬಂದವು’ ಎಂದು ಒಂದು ಹಾಳೆ ಸೇರಿಸುವುದಕ್ಕೆ ಯಾವ ಬಜೆಟ್ಟೂ ಬೇಕಿಲ್ಲ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ, ಆಕ್ರಮಣಕಾರಿ ಪರದೇಶಿ ಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಅಧಿಕಾರ ಇದೆ. ದಿಲ್ಲಿಗೆ ಯಾವ ಕೆರೆಯಲ್ಲಿ ಏನು ಕಂಡಿತೆಂದು ಹೇಳಬೇಕಾದವರು ಇಲ್ಲಿಯವರು.

ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗಳು ಕೆರೆಗಳಿಗೆ ಕಾಟ್ಲಾ, ರೋಹು ಮರಿ ಬಿಡುವುದರಲ್ಲಿ, ಕೆರೆ ಟೆಂಡರು ನೋಡುವುದರಲ್ಲಿ ಮುಳುಗಿವೆ. ಅವರ ಕಷ್ಟ ನಮಗೆ ಗೊತ್ತು. ಆದರೂ ಎರಡು ಕೆಲಸ ಅವರೇ ಮಾಡಬೇಕು. ಒಂದು, ಅಕ್ವೇರಿಯಂ ಅಂಗಡಿಗಳವರನ್ನು ಕೂರಿಸಿ ಮಾತಾಡುವುದು, ದಂಡ ಹಾಕುವ ದನಿಯಲ್ಲಿ ಅಲ್ಲ. ಸಕ್ಕರ್ ಮೀನು, ಆಮೆಮರಿ ಮಾರುವಾಗ ‘ಬೇಡವಾದರೆ ನಮಗೇ ವಾಪಸು ಕೊಡಿ’ ಎಂಬ ಫಲಕ ಹಾಕಿಸಬೇಕು, ವಾಪಸು ಪಡೆಯಬೇಕು. ಇದು ಅಂಗಡಿಯವರಿಗೂ ನಷ್ಟವಲ್ಲ, ದೊಡ್ಡ ಮೀನಿಗೆ ಬೇರೆ ಗಿರಾಕಿ ಸಿಗುತ್ತಾರೆ. ಇನ್ನೊಂದು, ಬೇಸಿಗೆಯಲ್ಲಿ ನಾಲೆಗೆ ನೀರು ನಿಂತು ಗುಂಡಿಗಳಲ್ಲಿ ಮಾತ್ರ ನೀರುಳಿಯುವ ವಾರಗಳಲ್ಲಿ ಆ ಗುಂಡಿಗಳಿಗೆ ಬಲೆ ಹಾಕಿ ನೋಡುವುದು. ನಾಲೆಯ ಒಡಲೊಳಗೆ ಏನಿದೆ ಎಂದು ತಿಳಿಯುವುದಕ್ಕೆ ವರ್ಷದಲ್ಲಿ ಅದಕ್ಕಿಂತ ಸುಲಭದ ಹೊತ್ತು ಇಲ್ಲ.

ತೊಟ್ಟಿ ಇಟ್ಟವರ ಕೆಲಸವೂ ಕಮ್ಮಿ ಇಲ್ಲ, ಆದರೆ ಕಷ್ಟದ್ದೂ ಅಲ್ಲ. ಹೊಸ ಗಿಡವನ್ನು ಪಟಿಕ ಕರಗಿಸಿದ ನೀರಿನಲ್ಲಿ ಕೆಲವು ಗಂಟೆ ನೆನೆಸಿ ತೊಳೆದರೆ ಬಸವನಹುಳು, ಮೊಟ್ಟೆ ಬಹುಪಾಲು ಹೋಗುತ್ತವೆ. ಹೊಸ ಮೀನು, ಹೊಸ ಕಲ್ಲು ಎರಡು ಮೂರು ವಾರ ಬೇರೆ ಬಕೆಟ್ಟಿನಲ್ಲಿರಲಿ, ರಾತ್ರಿ ಟಾರ್ಚು ಹಿಡಿದು ನೋಡಿ. ತೆಗೆದುಹಾಕುವ ಗಿಡವನ್ನು ಬಿಸಿಲಿನಲ್ಲಿ ಒಣಗಿಸಿ ತಿಪ್ಪೆಗೆ ಹಾಕಿ, ಚರಂಡಿಗಲ್ಲ. ಸಿಹಿನೀರು ಬದಲಾಯಿಸಿದಾಗ ತೆಂಗಿನ ಬುಡಕ್ಕೆ ಸುರಿದರೆ ತೆಂಗಿಗೇ ಲಾಭ. ಮೀನು ಸಾಕಲಾಗದಿದ್ದರೆ ಅಂಗಡಿಗೆ ಕೊಡಿ, ಸಾಕುವ ಇನ್ನೊಬ್ಬರಿಗೆ ಕೊಡಿ. ಯಾರೂ ತೆಗೆದುಕೊಳ್ಳದಿದ್ದರೆ ಪಶುವೈದ್ಯರನ್ನು ಕೇಳಿ ನೋವಿಲ್ಲದೆ ಕೊನೆಗಾಣಿಸುವುದು ಕ್ರೂರವೆನಿಸಬಹುದು, ಹೊಳೆಗೆ ಬಿಡುವುದಕ್ಕಿಂತ ಕಡಿಮೆ ಕ್ರೂರ.

ಪಾಂಡವಪುರದ ತೊಣ್ಣೂರು ಕೆರೆ ತಿಳಿನೀರಿಗೆ ಹೆಸರುವಾಸಿ. ರಜೆಯ ದಿನ ಮಕ್ಕಳೊಂದಿಗೆ ಅಲ್ಲಿಗೆ ಹೋಗುವವರು, ಕಿಕ್ಕೇರಿ ಕೆರೆಯ ಏರಿಯಲ್ಲಿ ಸಂಜೆ ನಡೆಯುವವರು, ನಿಮಿಷಾಂಬದ ಸೋಪಾನಕಟ್ಟೆಯಲ್ಲಿ ಮೀನಿಗೆ ಪುರಿ ಎಸೆಯುವವರು ಒಂದು ಚೂರು ಗಮನವಿಟ್ಟು ನೋಡಿದರೆ ಸಾಕು: ತೂಬಿನ ಗೋಡೆಯ ಮೇಲೆ ಗುಲಾಬಿ ಗೊಂಚಲು, ಮೈಮೇಲೆ ಮೂಳೆಯ ಪಟ್ಟಿಗಳಿರುವ ಕಪ್ಪು ಮೀನು, ಕಣ್ಣಿನ ಹಿಂದೆ ಕೆಂಪು ಗೆರೆಯ ಆಮೆ. ಕಂಡರೆ ಮೊಬೈಲಿನಲ್ಲಿ ಫೋಟೋ ತೆಗೆದು, ದಿನಾಂಕ, ಜಾಗ ಬರೆದು ಪಂಚಾಯಿತಿಗೂ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೂ ಕೊಡಿ. ಕಚೇರಿಯವರು ಆ ಫೋಟೋವನ್ನು ಎಲ್ಲಿ ಅಂಟಿಸುತ್ತಾರೆ, ಯಾರಿಗೆ ಕಳಿಸುತ್ತಾರೆ, ಎಷ್ಟು ದಿನದಲ್ಲಿ ಬಂದು ನೋಡುತ್ತಾರೆ ಎಂಬುದನ್ನು ಜಿಲ್ಲಾ ಪಂಚಾಯಿತಿ ಈ ಮಳೆಗಾಲಕ್ಕೆ ಮುನ್ನ, ನಾಲೆಯ ಗೇಟು ಎತ್ತುವ ಮೊದಲು, ಒಂದು ಸುತ್ತೋಲೆಯಲ್ಲಿ ಬರೆದು ನಾಲ್ಕೂ ತಾಲ್ಲೂಕುಗಳಿಗೆ ಕಳಿಸಬೇಕು.